ಪ್ರಧಾನ ಕಚೇರಿಗೆ ರವಾನಿಸತಕ್ಕದ್ದು

ಮೂರನೇ ಮಹಡಿಯ ಮನುಷ್ಯ ಪೊಲೀಸ್ ಇಲಾಖೆಯಲ್ಲಿ ಬಹಳ ಎತ್ತರದ ಜಾಗದಲ್ಲಿರುವವನು ಎಂದು ಇದನ್ನು ಬರೆಯುತ್ತಿರುವವನು ಬಹುಕಾಲ ನಂಬಿಕೊಂಡಿದ್ದ. ನಂಬದೆ ಇರುವುದು ಕಷ್ಟವಿತ್ತು. ಎರಡನೇ ಮಹಡಿಯ ಬಚ್ಚಲಲ್ಲಿ ಬೆಳಗ್ಗೆ ಹಲ್ಲುಜ್ಜುತ್ತ ನಿಂತರೆ ಗಾಳಿಕಿಂಡಿಯೊಳಗಿಂದ ಮೇಲಿನ ಮನೆಯ ಕಂಠ ಇಳಿದುಬರುತ್ತಿತ್ತು.

“ಒಳಗೆ ಎಷ್ಟು ಜನ ಇದ್ದಾರೆ? ಚಿಲಕ ಹಾಕ್ಕೊಂಡಿದ್ದಾರಾ? ನೀನು ಹೆದರಬೇಡ. ಕಿಟಕಿ ಹತ್ರ ಹೋಗು, ತಲೆ ಮಾತ್ರ ಎತ್ತಿ ನೋಡು. ಹೊರಗೆ ಬರ್ದೇ ಇದ್ರೆ ನೀರು ನಿಲ್ಲಿಸು.”  ಆಮೇಲೆ, “ಆಗ್ಲೂ ಬರ್ಲಿಲ್ಲ ಅಂದ್ರೆ ಕರೆಂಟ್ ತೆಗಿ. ಜವಾಬ್ದಾರಿ ನಂದು.”

ಎಲ್ಲೋ ಯಾರನ್ನೋ ಒತ್ತೆಯಿಟ್ಟುಕೊಂಡಿದ್ದಾರೆ, ಬಿಡಿಸುವ ಕಾರ್ಯಾಚರಣೆ ನಮ್ಮ ತಲೆಯ ಮೇಲೆಯೇ ನಡೆಯುತ್ತಿದೆ ಎಂದು ಬಾಯಿತುಂಬ ನೊರೆ ಹೊತ್ತು ನಿಂತವನಿಗೆ ಮೈ ಜುಮ್ಮೆನ್ನುತ್ತಿತ್ತು. ಅಂದಿನಿಂದ ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುವುದು, ಸಾರ್ ಎನ್ನುವಾಗ ಕೊರಳು ತಾನಾಗಿ ಬಾಗುವುದು ಎಲ್ಲ ಶುರುವಾಯಿತು. ಒಮ್ಮೆ ಸ್ಕೂಟರ್ ಕಾಣೆಯಾದಾಗ ಠಾಣೆಗೆ ಹೋಗದೆ ನೇರ ಮೂರನೇ ಮಹಡಿಗೇ ಹೋದದ್ದೂ ಉಂಟು. ಆತ ಕೈ ಹಿಂದೆ ಕಟ್ಟಿಕೊಂಡು ಕೇಳಿದ. ಸ್ಕೂಟರ್ ನಿಲ್ಲಿಸಿದ್ದ ಜಾಗದ ಫೋಟೋ ತರಿಸಿಕೊಂಡ. ಅದನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ, “ಹೂಂ, ಇಲ್ಲಿ ಇಲ್ಲ” ಎಂದ. ಸ್ಕೂಟರ್ ಆಮೇಲೆ ಸಿಕ್ಕಿತು. ಕ್ಷೌರದಂಗಡಿಯ ಮುಂದೆ ಅದನ್ನು ಬಿಟ್ಟು ನಡೆದುಕೊಂಡು ಮನೆಗೆ ಬಂದಿದ್ದವನು ಅದರ ಒಡೆಯನೇ. ಆದರೂ ಮೂರನೇ ಮಹಡಿಯವರ ಪ್ರಭಾವ ಕೆಲಸ ಮಾಡಿತೆಂದು ಎರಡನೇ ಮಹಡಿಯಲ್ಲಿ ಮಾತಾಯಿತು.

ಒಳಗೆ ಚಿಲಕ ಹಾಕಿಕೊಂಡಿದ್ದವರು ಒತ್ತೆಯಾಳುಗಳಲ್ಲ, ರಜಕ್ಕೆಂದು ಬಂದು ಹೊತ್ತೇರಿದರೂ ಏಳದ ಯಾವುದೋ ಗಂಡ ಹೆಂಡತಿ. ಆ ಮನೆ ದೂರದ ಬೆಟ್ಟದ ಮೇಲೆ, ಒಂದು ಕೆರೆಯ ಕಡೆ ಮುಖಮಾಡಿ ನಿಂತದ್ದು. ವಾರಕ್ಕೋ ಎರಡು ದಿನಕ್ಕೋ ಬಾಡಿಗೆಗೆ ಹೋಗುವಂಥದ್ದು. ಒಡತಿ ಮೂರನೇ ಮಹಡಿಯವನ ಅಕ್ಕ, ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟವಳು. ಈತ ಕೂತಲ್ಲಿಂದಲೇ ಫೋನಿನಲ್ಲಿ ಅದರ ಉಸ್ತುವಾರಿ ನೋಡುತ್ತಿದ್ದ.

ಅದಕ್ಕೂ ಮುಂಚೆ ಆತ ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದ. ಕೂದಲು ಕಪ್ಪಗಿದ್ದಾಗ ಗಾಜಿನ ಗೂಡಿನೊಳಗೆ ಹೊಕ್ಕವನು ಬೆಳ್ಳಗಾದ ಮೇಲೆ ಹೊರಗೆ ಬಂದ. ಅಷ್ಟೂ ಕಾಲ “ಪ್ರಯಾಣಿಕರ ಗಮನಕ್ಕೆ” ಎಂದು ಶುರುಮಾಡಿ “ಹೊರಡಲಿದೆ” ಎಂದು ಮುಗಿಸುವುದೇ ಬದುಕು. ಡ್ರೈವರು ಚಹಾದಂಗಡಿಯಲ್ಲಿ ಕಾಲು ಚಾಚಿದ್ದಾನೋ, ಬಸ್ಸಿನ ಗಾಲಿ ಬಿಚ್ಚಿ ಪಕ್ಕಕ್ಕಿಟ್ಟಿದ್ದಾರೋ, ಅದು ಆತನಿಗೆ ಸೇರಿದ ವಿಷಯವಲ್ಲ. ಹೊರಡಲಿದೆ ಎಂದು ಹೇಳಿಯಾಯಿತು, ಆದ್ದರಿಂದ ಹೊರಟಿತು. ಪ್ಲಾಟ್‌ಫಾರ್ಮಿನಲ್ಲಿ ಗಂಟುಮೂಟೆ ಹಿಡಿದ ಜನ ಬಸ್ಸನ್ನೊಮ್ಮೆ, ಮೈಕನ್ನೊಮ್ಮೆ ನೋಡಿ ಬಾಯಿಗೆ ಬಂದದ್ದು ಬೈಯುತ್ತಿದ್ದರೆ ಗಾಜಿನೊಳಗೆ ಅದು ಕೇಳಿಸುತ್ತಿರಲಿಲ್ಲ. ಸಂಬಳ ಕೊಟ್ಟು ಇಂಥ ಸುಖವನ್ನೂ ಕೊಡುವ ಕೆಲಸಗಳು ಲೋಕದಲ್ಲಿ ಹೆಚ್ಚಿಲ್ಲ.

ಇದರಲ್ಲಿ ಇನ್ನೊಂದು ತಮಾಷೆಯಿತ್ತು. ಊರಿನ ಬಸ್ಸುಗಳನ್ನೆಲ್ಲ ಓಡಿಸಿದ ಆ ಮಹಾನುಭಾವನಿಗೆ ಬಸ್ಸು ಹತ್ತಿದರೆ ವಾಂತಿ. ಬಸ್ಸೇ ಆಗಬೇಕೆಂದಿಲ್ಲ, ನಾಲ್ಕು ಗಾಲಿ ಇದ್ದು ಒಂದು ತಿರುವು ಬಂದರೆ ಸಾಕು. ಕೆಲಸಕ್ಕೆ ಜೀವಮಾನವಿಡೀ ನಡೆದುಕೊಂಡೇ ಹೋದ. ದೂರ ಪ್ರಯಾಣ ಮಾಡಿದ್ದು ಒಂದೇ ಸಲ, ಮದುವೆ ಮುಗಿಸಿ ಬರುವಾಗ. ಆ ಪ್ರಯಾಣದ ಮಾತು ಬಂದಾಗಲೆಲ್ಲ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ, “ಮದುವೆ ಆದ್ಮೇಲೆ ಇವರು ನನ್ನ ಮಡಿಲಿಗೆ ಹಾಕಿದ ಮೊದಲನೇ ಉಡುಗೊರೆ ಯಾವ್ದು ಅಂತ ಕೇಳ್ಬೇಡಿ” ಎನ್ನುತ್ತಿದ್ದಳು. ಯಾರೂ ಕೇಳುತ್ತಿರಲಿಲ್ಲ. ಹೀಗಾಗಿ ಬೆಟ್ಟದ ಮನೆಗೆ ಹೋಗುವ ಹಾವಿನಂಥ ರಸ್ತೆಯಲ್ಲಿ ಆತ ಕಾಲಿಟ್ಟದ್ದೇ ಇಲ್ಲ. ತಾನು ಉಸ್ತುವಾರಿ ಮಾಡುತ್ತಿದ್ದ ಮನೆಯನ್ನು ಆತ ಫೋಟೋದಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ.

ಉಸ್ತುವಾರಿ ಸಿಕ್ಕಿದ ಬಗೆ ಹೀಗೆ. ನಿವೃತ್ತಿಯಾಯಿತು, ಗೂಡು ಹೋಯಿತು, ಕಂಠ ಮಾತ್ರ ಉಳಿಯಿತು. ಸ್ನಾನದ ನೀರು ಕಾದಿರುವುದು, ಹಾಲು ಉಕ್ಕಲಿರುವುದು, ಪಕ್ಕದ ಮನೆಯವರು ಚಪ್ಪಲಿ ಹಾಕಿಕೊಂಡು ಹೊರಡಲಿರುವುದು ಎಲ್ಲವೂ ಪ್ರಕಟವಾಗತೊಡಗಿದವು. ಕಟ್ಟಡದಲ್ಲಿ ಆತನಿಗೆ ಪ್ರಕಟಣೆ ಎಂದು ಹೆಸರು ಬಿದ್ದದ್ದು ಆಗಲೇ, ಇದನ್ನು ಬರೆಯುತ್ತಿರುವವನು ಎರಡನೇ ಮಹಡಿಗೆ ಬರುವ ಮುಂಚೆ. ಎದುರಿಗೆ ಮಾತ್ರ ಪ್ರಕಟಣೆಯವರು ಎಂದು ಮರ್ಯಾದೆ ಕೊಡುತ್ತಿದ್ದರು. ಪರದೆ, ಪ್ಯಾಂಟಿನ ಅಂಚು, ಹಾಳಾದ ಜಿಪ್ಪು ಹೊಲಿದು ದುಡಿಯುತ್ತಿದ್ದ ಹೆಂಡತಿ ಒಂದು ದಿನ ಸೂಜಿ ಚುಚ್ಚಿಕೊಂಡ ಬೆರಳನ್ನು ಬಾಯಲ್ಲಿಟ್ಟುಕೊಂಡೇ ಕನ್ನಡಕದ ಅಂಗಡಿಗೆ ಹೋದಳು. “ಅತ್ತಿಗೆ, ನಿಮ್ಮ ತಮ್ಮನಿಗೆ ಏನಾದ್ರೂ ಕೆಲಸ ಕೊಡಿ. ಇಲ್ಲಾ ನನ್ನನ್ನ ನಿಮ್ಮನೇಲಿ ಇಟ್ಕೊಳ್ಳಿ” ಎಂದಳು. ಅತ್ತಿಗೆ ಲೆಕ್ಕ ಹಾಕಿ ಮೊದಲನೆಯದನ್ನು ಆರಿಸಿಕೊಂಡಳು. ಪ್ರಕಟಣೆಯವರ ನೆನಪಿನಲ್ಲಿ ಮಾತ್ರ ಈ ಘಟನೆ ಬೇರೆ ರೀತಿ ಇತ್ತು. ಅಕ್ಕ ಬಂದು ಕೈ ಹಿಡಿದು, ನಿನ್ನಂಥವನಿಲ್ಲದೆ ಆ ಮನೆ ಹಾಳುಬೀಳುತ್ತದೆ ಕಣೋ ಎಂದು ಕಣ್ಣೀರಿಟ್ಟಿದ್ದಳಂತೆ.

ನಡುಮನೆಯ ಕಿಟಕಿ ಮೂಲೆಯಲ್ಲಿ ಒಂದು ಮೇಜು ಬಂತು. ಹೆಂಡತಿಯ ಬಟ್ಟೆ ಕತ್ತರಿಸುವ ಮೇಜು ಅದು. ಅವಳು ಅಂದಿನಿಂದ ನೆಲದ ಮೇಲೆ ಕೂತು ಕತ್ತರಿಸಿದಳು. ಮೇಜಿನ ಮೇಲೆ ಫೋನು ನಿಲ್ಲಿಸುವ ಗೂಟ, ಒಂದು ಟೇಬಲ್ ಫ್ಯಾನು, ಗೋಡೆಗೆ ನೀಲಿ ಬಣ್ಣದಲ್ಲಿ ಬರೆಸಿದ ಫಲಕ: ಪ್ರಧಾನ ಕಚೇರಿ. ಉಪಕಚೇರಿ ಎಂಬುದು ಎಲ್ಲಿಯೂ ಇರಲಿಲ್ಲ. ಆದರೆ ಪ್ರಧಾನ ಎಂದು ಬರೆದರೆ ಮಿಕ್ಕದ್ದು ಜನರೇ ಊಹಿಸಿಕೊಳ್ಳುತ್ತಾರೆ ಎಂಬುದು ಆತ ಮೈಕಿನಿಂದ ಕಲಿತ ವಿದ್ಯೆ.

ಇನ್ನು ಆಳ್ವಿಕೆ. ಅತಿಥಿಗಳು ಬಾಗಿಲು ತೆರೆದ ಕೂಡಲೇ ಅವರ ಫೋನಿಗೆ ಧ್ವನಿಸಂದೇಶ ಹೋಗುತ್ತಿತ್ತು. “ಅತಿಥಿಗಳ ಗಮನಕ್ಕೆ. ಬಿಸಿನೀರಿನ ನಲ್ಲಿಯು ಎಡಗಡೆಗೆ ಇರುತ್ತದೆ. ಎಡಗಡೆ ಎಂದರೆ ನಲ್ಲಿಯ ಎಡಗಡೆ ಅಲ್ಲ, ತಮ್ಮ ಎಡಗಡೆ.” ಜನ ರಜಕ್ಕೆಂದು ಬೆಟ್ಟ ಹತ್ತಿ, ಕೆರೆ ನೋಡುತ್ತ ಕಾಲು ಚಾಚಿ ಕೂತರೆ ಕಿಸೆಯೊಳಗಿನಿಂದ ಬಸ್ ನಿಲ್ದಾಣ ಮಾತಾಡುತ್ತಿತ್ತು. ಮನೆ ಚೆನ್ನಾಗಿದೆ, ಧ್ವನಿ ಕೇಳಿ ಮಗು ಹೆದರಿಕೊಂಡಿತು ಎಂದು ಒಬ್ಬಾಕೆ ಅಭಿಪ್ರಾಯ ಬರೆದಳು. ಪ್ರಕಟಣೆಯವರು ಅದನ್ನು ಅಕ್ಕನಿಗೆ ಓದಿಹೇಳುವಾಗ, ಧ್ವನಿ ಮಕ್ಕಳ ಮನಸ್ಸನ್ನೂ ಮುಟ್ಟಿದೆಯಂತೆ ಎಂದರು.

ಬೆಟ್ಟದ ಮನೆಯಲ್ಲಿ ಕೀಲಿ ಇಟ್ಟುಕೊಂಡು ಗುಡಿಸಿ ಸಾರಿಸಿ ನೋಡಿಕೊಳ್ಳಲು ಒಬ್ಬ ಕೇರ್‌ಟೇಕರ್ ಇದ್ದ. ಹಿಂದೆ ಕೆರೆಯಲ್ಲಿ ದೋಣಿ ನಡೆಸುತ್ತಿದ್ದವನು. ಅವನ ಮುಖ ಪ್ರಕಟಣೆಯವರು ಕಂಡಿರಲಿಲ್ಲ. ಅವನ ಬಾಯಿಂದ ಕೇಳಿದ್ದೂ ಹೆಚ್ಚುಕಡಿಮೆ ಎರಡೇ ಪದ, “ಆಯ್ತು ಸಾರ್.” ಗೀಸರ್ ರಿಪೇರಿ ಮಾಡಿಸು ಎಂದರೆ ಆಯ್ತು ಸಾರ್. ಹಿತ್ತಿಲ ಹುಲ್ಲು ಕೊಯ್ಯಿಸು, ಆಯ್ತು ಸಾರ್. ಸೋಫಾದ ಕೆಳಗೆ ಗುಡಿಸು, ಆಯ್ತು ಸಾರ್. ಯಾವ ಸೊಸೆಯೂ ಅತ್ತೆಗೆ ಇಷ್ಟು ನಯವಾಗಿ ಹೂಂಗುಟ್ಟಿರಲಾರಳು. ಪ್ರಕಟಣೆಯವರ ಹೆಂಡತಿ ಅವನಿಗೆ ಆಯ್ತಪ್ಪ ಎಂದು ಹೆಸರಿಟ್ಟಳು. ಗಂಡನೂ ಅದನ್ನೇ ಅವನ ಅಸಲು ಹೆಸರೆಂದು ತಿಳಿದು ಫೋನಿನಲ್ಲಿ ಹಾಗೇ ಕರೆಯತೊಡಗಿದ. ಅವನು ಅದಕ್ಕೂ ಆಯ್ತು ಸಾರ್ ಎಂದ.

“ಆಯ್ತು ಅಂದ. ಅಂದ್ರೆ ಆಯ್ತು” ಎಂದು ಪ್ರಕಟಣೆಯವರು ಫೋನಿಟ್ಟು ಅಂಗೈ ಒರೆಸಿಕೊಳ್ಳುತ್ತಿದ್ದರು.

“ರೀ, ಅವನು ಆಯ್ತು ಅನ್ನೋದು ಕೇಳಿಸ್ತು ಅಂತ. ಮುಗೀತು ಅಂತಲ್ಲ” ಎಂದು ಹೆಂಡತಿ ನೆಲದಿಂದ ಹೇಳುತ್ತಿದ್ದಳು.

“ನಿನಗೆ ಆಡಳಿತ ಗೊತ್ತಿಲ್ಲ” ಎಂದು ಮೇಜಿನಿಂದ ಉತ್ತರ ಬರುತ್ತಿತ್ತು.

ಆಡಳಿತ ಗೊತ್ತಿದ್ದವರು ಸಾಕ್ಷಿಗೆ ಫೋಟೋ ಕೇಳುತ್ತಿದ್ದರು. ಪಾತ್ರೆ ತೊಳೆಯುವ ಸಿಂಕು ಫಳಫಳ ಹೊಳೆಯುವ ಫೋಟೋ ಬರುತ್ತಿತ್ತು, ಕಿಟಕಿಯಲ್ಲಿ ಒಂದು ಬೆಕ್ಕು ಬಾಲ ಸುತ್ತಿ ಕೂತಿರುತ್ತಿತ್ತು. ಭೇಷ್ ಎನ್ನುತ್ತಿದ್ದರು. ಮುಂದಿನ ಅತಿಥಿಗಳು ಹೋದ ಮೇಲೆ ಮತ್ತೆ ಸಿಂಕು, ಮತ್ತೆ ಬೆಕ್ಕು, ಮತ್ತೆ ಭೇಷ್. ಒಂದು ದಿನ ಹೆಂಡತಿ ನೂಲು ಕಚ್ಚಿ ಕತ್ತರಿಸುತ್ತ ಬಗ್ಗಿ ನೋಡಿ, ಈ ಬೆಕ್ಕು ಹೋದ ಬೇಸಿಗೆಯಿಂದ ಬಾಲ ಕೂಡ ಅಲ್ಲಾಡಿಸಿಲ್ಲವಲ್ಲ, ಪಾಪ ಸತ್ತುಗಿತ್ತು ಹೋಗಿದೆಯೇನೋ ನೋಡಿ ಎಂದಳು. ಪ್ರಕಟಣೆಯವರು ಕನ್ನಡಕ ಏರಿಸಿ ಪರೀಕ್ಷಿಸಿ, ಅದು ಬಹಳ ಶಿಸ್ತಿನ ಬೆಕ್ಕು ಎಂದು ತೀರ್ಮಾನ ಕೊಟ್ಟರು.

ಶಿಸ್ತಿನ ಇನ್ನೊಂದು ಕಟ್ಟಳೆಯಿತ್ತು. ಅತಿಥಿಗಳು ಹೊರಟ ಮೇಲೆ ಮರೆತುಹೋದ ಸಾಮಾನುಗಳು ಸಿಗುತ್ತವೆ: ಚಾರ್ಜರು, ಒಂಟಿ ಕಾಲುಚೀಲ, ಮಗುವಿನ ಬೂಟು, ಒಮ್ಮೆ ಒಂದು ಹಲ್ಲಿನ ಸೆಟ್ಟು. ಇವನ್ನು ಆಯ್ತಪ್ಪ ಕಟ್ಟಿ ಪಾರ್ಸೆಲ್ ಮಾಡಬೇಕು. ಅದಕ್ಕಾಗಿ ಪ್ರಕಟಣೆಯವರು ತಮ್ಮ ವಿಳಾಸವನ್ನು ಅವನಿಗೆ ಬಾಯಿಪಾಠ ಮಾಡಿಸಿದ್ದರು. ಕಟ್ಟಳೆಯ ಮಾತು ಹೀಗೆ: “ಮನೆ ಖಾಲಿಯಾದ ನಂತರ ಒಳಗೆ ಉಳಿದದ್ದೆಲ್ಲವನ್ನೂ ಪ್ರಧಾನ ಕಚೇರಿಗೆ ರವಾನಿಸತಕ್ಕದ್ದು.” ಆಯ್ತಪ್ಪ ಪಾಲಿಸುತ್ತಿದ್ದ ಕಟ್ಟಳೆ ಇದೊಂದೇ. ಅವನಿಗೂ ಮನೆಯಲ್ಲಿ ಕಸ ಇಟ್ಟುಕೊಳ್ಳುವುದು ಬೇಡವಾಗಿತ್ತೇನೋ. ಹಲ್ಲಿನ ಸೆಟ್ಟು ಇವತ್ತಿಗೂ ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಯಲ್ಲಿ ನಗುತ್ತ ಕೂತಿದೆ.

ಹೀಗೆ ಎಲ್ಲ ಸುಸೂತ್ರವಾಗಿ ಹಾಳಾಗುತ್ತಿರುವಾಗ ಅಕ್ಕನ ಫೋನು ಬಂತು. ಇಂಥ ಮನೆಗಳನ್ನು ವಹಿಸಿಕೊಂಡು ನಡೆಸುವ ಒಂದು ಕಂಪನಿಯವನು ಅಂಗಡಿಗೆ ಕನ್ನಡಕ ಮಾಡಿಸಲು ಬಂದಿದ್ದನಂತೆ. ಮಾತಿಗೆ ಮಾತು ಬೆಳೆದು ಬೆಟ್ಟದ ಮನೆಯ ಬಗ್ಗೆ ಬರೆದ ಅಭಿಪ್ರಾಯಗಳನ್ನು ಹೊಸ ಕನ್ನಡಕದಲ್ಲೇ ಓದಿ ತೋರಿಸಿದನಂತೆ. ಈ ಶನಿವಾರ ಅವನನ್ನು ಕರೆದುಕೊಂಡು ಅಕ್ಕನೇ ಬೆಟ್ಟಕ್ಕೆ ಹೋಗುವವಳಿದ್ದಳು.

“ನಾನೇ ಕಣ್ಣಾರೆ ನೋಡ್ತೀನಿ ಕಣೋ. ನೆಟ್ಟಗಿದ್ರೆ ನೀನೇ ನೋಡ್ಕೊ. ಇಲ್ಲಾಂದ್ರೆ ಅವನಿಗೆ ಕೊಟ್ಟುಬಿಡ್ತೀನಿ. ಆಮೇಲೆ ಮುಖ ಊದಿಸ್ಕೊಬೇಡ” ಎಂದಳು.

ಪ್ರಕಟಣೆಯವರು ಫೋನಿಟ್ಟು ಗೋಡೆಯ ಫಲಕದ ಕಡೆ ತಿರುಗಿದರು. ಮನೆ ಹೋದರೆ ಹೋಗಲಿ, ಅದೇನು ಅವರ ಮನೆಯೇ? ಆದರೆ ಫಲಕ ಹೋಗುತ್ತದೆ. ಬೆಳಗ್ಗೆ ಎದ್ದು ಯಾರಿಗೆ ನೀರು ನಿಲ್ಲಿಸು ಎನ್ನುವುದು? ಇಡೀ ಲೋಕದಲ್ಲಿ ತನ್ನ ಮಾತಿಗೆ ಆಯ್ತು ಎನ್ನುವವನು ಒಬ್ಬನೇ ಇದ್ದ, ಅವನೂ ಹೋಗುತ್ತಾನೆ. ಮತ್ತೆ ಹಾಲು ಉಕ್ಕಲಿದೆ ಎಂದು ಕೂಗುವ ಬಾಳು. ಹೆಂಡತಿಯ ಮುಂದೆ ಇದನ್ನೆಲ್ಲ ಹೇಳಿಕೊಳ್ಳುವಂತಿಲ್ಲ. ಹಾಗಾಗಿ ಆಯ್ತಪ್ಪನಿಗೇ ಫೋನು ಮಾಡಿ, ಕಂಪನಿಯವರು ಬರುತ್ತಿದ್ದಾರೆ, ಮನೆ ನಮ್ಮ ಕೈಬಿಟ್ಟುಹೋಗುವ ಹಾಗೆ ಕಾಣುತ್ತದೆ, ನಮ್ಮ ಋಣ ಇಷ್ಟೇ ಇತ್ತೇನೋ ಕಣಯ್ಯಾ ಎಂದು ಗದ್ಗದರಾದರು.  ಆ ಕಡೆಯಿಂದ ಆಯ್ತು ಸಾರ್ ಎಂದು ಬಂತು, ಆದರೆ ಸ್ವಲ್ಪ ಮೆತ್ತಗೆ.

ಮರುದಿನಕ್ಕೆ ಪ್ರಕಟಣೆಯವರು ಚೇತರಿಸಿಕೊಂಡಿದ್ದರು. ಶುಕ್ರವಾರದವರೆಗೆ ಮನೆಯಲ್ಲಿ ಒಂದು ದೊಡ್ಡ ಸಂಸಾರ ಬೀಡುಬಿಟ್ಟಿತ್ತು. ಅವರು ಹೊತ್ತಿಗೆ ಸರಿಯಾಗಿ ಎದ್ದು ಹೋಗಬೇಕು, ಹಿಂದೆ ಒಂದು ಬಾಚಣಿಗೆಯನ್ನೂ ಬಿಡಬಾರದು, ಅಕ್ಕ ಬರುವಾಗ ಮನೆ ಕನ್ನಡಿಯಂತಿರಬೇಕು. ಇಷ್ಟು ಹೇಳಲು ಎರಡು ಮಾತು ಸಾಕಾಗಿತ್ತು. ಆದರೆ ಸಂದರ್ಭ ದೊಡ್ಡದು. ಗಂಟಲಿಗೆ ಬಿಸಿನೀರು ಬಿಟ್ಟುಕೊಂಡು, ಫ್ಯಾನು ನಿಲ್ಲಿಸಿ, ಹೆಂಡತಿಯ ಯಂತ್ರವನ್ನೂ ನಿಲ್ಲಿಸಿ, ಅವರು ಧ್ವನಿಸಂದೇಶ ಹೇಳಿದರು.

“ಕೇರ್‌ಟೇಕರ್ ಗಮನಕ್ಕೆ. ಶುಕ್ರವಾರ ಸಂಜೆಯೊಳಗಾಗಿ ಮನೆಯನ್ನು ಸಂಪೂರ್ಣ ಖಾಲಿ ಮಾಡಿಸತಕ್ಕದ್ದು. ಒಂದು ಚಮಚವೂ ಒಳಗೆ ಉಳಿಯಕೂಡದು. ಉಳಿದದ್ದೆಲ್ಲವನ್ನೂ ಎಂದಿನಂತೆ ಪ್ರಧಾನ ಕಚೇರಿಗೆ ರವಾನಿಸತಕ್ಕದ್ದು.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನರಿದ್ದಾರೆ ಎಂದು ಕೇಳಿದ್ದೇವೆ. ಈ ಕಡೆಯವರು ಎತ್ತು ಈಯಿತು ಎಂದರು. ಆ ಕಡೆಯವನು ಆಯ್ತು ಸಾರ್ ಎಂದ.

ಶನಿವಾರ ಬೆಳಗ್ಗೆ ಪ್ರಕಟಣೆಯವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೇಜಿನ ಮುಂದೆ ಕೂತರು. ಅಕ್ಕನ ಹೊಗಳಿಕೆಯನ್ನು ಬರಿಮೈಯಲ್ಲಿ ಸ್ವೀಕರಿಸುವಂತಿಲ್ಲವಲ್ಲ. ಅದಕ್ಕೆ ಮೊದಲು ಆಯ್ತಪ್ಪನಿಗೆ ಫೋನು ಮಾಡಿ ಖಾತ್ರಿ ಮಾಡಿಕೊಂಡರು.

“ಆಯ್ತಾ?”

“ಆಯ್ತು ಸಾರ್. ಎಲ್ಲಾ ಖಾಲಿ.”

“ಒಂದು ಚಮಚಾನೂ ಉಳಿದಿಲ್ಲ ತಾನೆ?”

“ಚಮಚಾನೂ ಹೋಯ್ತು ಸಾರ್.”

ಪ್ರಕಟಣೆಯವರು ಹೆಂಡತಿಯ ಕಡೆ ತಿರುಗಿ, ನೋಡು, ಆಡಳಿತ ಎಂದರೆ ಇದು ಎಂಬಂತೆ ಹುಬ್ಬು ಹಾರಿಸಿದರು.

ಆಗ ಕೆಳಗೆ ರಸ್ತೆಯಲ್ಲಿ ಒಂದು ಟೆಂಪೊ ಹಾರ್ನ್ ಹೊಡೆಯಿತು. ಇದನ್ನು ಬರೆಯುತ್ತಿರುವವನು ಆ ಹೊತ್ತಿಗೆ ಗೇಟಿನ ಬಳಿ ಸ್ಕೂಟರ್ ಒರೆಸುತ್ತಿದ್ದ. ಟೆಂಪೊದ ಮೇಲೆ ಮಂಚಗಳು, ಮಂಚಗಳ ಮೇಲೆ ಹಾಸಿಗೆಗಳು, ಅವುಗಳ ನಡುವೆ ಬೋರಲು ಹಾಕಿದ ಸೋಫಾ, ಫ್ರಿಜ್ಜು, ಎಲ್ಲದರ ತುದಿಯಲ್ಲಿ ಕಾಲು ಮೇಲೆ ಮಾಡಿ ಮಲಗಿದ ಬೆತ್ತದ ಕುರ್ಚಿ. ಡ್ರೈವರು ತಲೆ ಹೊರಗೆ ಹಾಕಿ, ಇಲ್ಲಿ ಪ್ರಧಾನ ಕಚೇರಿ ಯಾವುದು ಎಂದು ಕೇಳಿದ. ಪೊಲೀಸರು ಎಲ್ಲೋ ಜಪ್ತಿ ಮಾಡಿದ ಮಾಲು ಸಾಹೇಬರ ಮನೆಗೇ ಬರುತ್ತಿದೆ ಎಂದು ಭಾವಿಸಿ, ಭಯಭಕ್ತಿಯಿಂದ ಮೂರನೇ ಮಹಡಿಯತ್ತ ಬೆರಳು ತೋರಿಸಲಾಯಿತು.

ಮೇಲಿನ ಕಿಟಕಿಯಲ್ಲಿ ಹೆಂಡತಿಯ ತಲೆ ಕಾಣಿಸಿತು. “ರೀ, ಯಾರೋ ಮನೆ ಬದಲಾಯಿಸ್ತಿದ್ದಾರೆ” ಎಂದು ಒಳಕ್ಕೆ ಹೇಳಿದಳು. ಮತ್ತೊಮ್ಮೆ ಬಗ್ಗಿದಳು. “ಆ ಸೋಫಾ ಎಲ್ಲೋ ನೋಡ್ದ ಹಾಗಿದೆ ಕಣ್ರೀ.”

ಪ್ರಕಟಣೆಯವರು ಬಂದು ಬಗ್ಗಿದರು. ಆ ಸೋಫಾವನ್ನು ಅವರು ವರ್ಷಗಟ್ಟಲೆ ಮುಂದಿನಿಂದ, ಹಿಂದಿನಿಂದ, ಕೆಳಗಿನಿಂದ ಫೋಟೋ ತೆಗೆಸಿ ನೋಡಿದ್ದರು. ಹಾಗಾಗಿ ಗುರುತು ಸಿಗಲು ತಡವಾಗಲಿಲ್ಲ. ಅವರು ಅಂದುಕೊಂಡಿದ್ದಕ್ಕಿಂತ ಅದು ಬಹಳ ಚಿಕ್ಕದಾಗಿತ್ತು. ಅಡಿಭಾಗದಲ್ಲಿ ಧೂಳು ತುಪ್ಪಳದಂತೆ ಬೆಳೆದಿತ್ತು.

ಅದೇ ಹೊತ್ತಿಗೆ ಅಕ್ಕನ ಫೋನು. ಅಕ್ಕನ ಒಂದೊಂದು ಮಾತೂ ಎರಡೆರಡು ಸಲ ಕೇಳುತ್ತಿತ್ತು.

“ಏನೋ ಇದು? ಕೂರೋಕೆ ಒಂದು ಮಣೆ ಇಲ್ಲ. ನಾನು ಕೂಗಿದ್ರೆ ನನಗೇ ತಿರುಗಿ ಕೇಳಿಸ್ತಿದೆ.”

ಮೂರು ಮಹಡಿ ಇಳಿದು ಟೆಂಪೊದ ಪಕ್ಕ ನಿಂತು ಪ್ರಕಟಣೆಯವರು ಆಯ್ತಪ್ಪನಿಗೆ ಫೋನು ಹಚ್ಚಿದರು. ಜೀವಮಾನದಲ್ಲಿ ಮೊದಲ ಬಾರಿ ಕಂಠ ಒಡೆದಿತ್ತು. ಯಾರು ನಿನಗೆ ಇದನ್ನು ಮಾಡಲು ಹೇಳಿದ್ದು ಎಂದು ಕೇಳಿದರು. ಆಯ್ತಪ್ಪ ಯಾವ ಗಡಿಬಿಡಿಯೂ ಇಲ್ಲದೆ, “ನೀವೇ ಅಲ್ವಾ ಸಾರ್. ಬೇಕಾದ್ರೆ ನಿಮ್ಮ ದನಿ ಇನ್ನೂ ಇದೆ, ಹಾಕಿ ಕೇಳಿಸ್ಲಾ?” ಎಂದ. ಬೇಡ ಎಂದು ಹೇಳುವಷ್ಟರಲ್ಲಿ ಅವನು ಹಾಕಿಯೇಬಿಟ್ಟ. ಫೋನಿನೊಳಗಿಂದ, ಕೇರ್‌ಟೇಕರ್ ಗಮನಕ್ಕೆ, ಎಂದು ಗಂಭೀರ ಕಂಠವೊಂದು ರಸ್ತೆಯ ಮೇಲೆ ಮೊಳಗಿತು. ಸ್ಕೂಟರ್ ಒರೆಸುತ್ತಿದ್ದವನಿಗೆ ಪೊಲೀಸ್ ಕಾರ್ಯಾಚರಣೆಗಳ ಗುಟ್ಟು ರಟ್ಟಾದದ್ದು ಆ ಕ್ಷಣದಲ್ಲಿ.

ಮೆಟ್ಟಿಲಿಳಿದು ಬಂದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು ಮುಗುಳ್ನಕ್ಕಳು. “ಮಾತು ಮನೆ ಕೆಡಿಸಿತು ಅಂತ ಕೇಳಿದ್ದೆ. ಖಾಲಿ ಮಾಡ್ಸಿದ್ದು ಇವತ್ತು ನೋಡ್ದೆ.”

ಅಕ್ಕನ ಎರಡನೇ ಫೋನು ಚುಟುಕಾಗಿತ್ತು. ಕಂಪನಿಯವನನ್ನು ಊಟದ ನೆಪದಲ್ಲಿ ಕೆರೆಯ ಆಚೆ ದಡಕ್ಕೆ ಸಾಗಹಾಕಿದ್ದಳು. ಸಂಜೆಗೆ ವಾಪಸ್ ಬರುತ್ತಾನೆ. ಅಷ್ಟರಲ್ಲಿ ಸಾಮಾನಿನ ಜೊತೆಗೆ ತಮ್ಮನೇ ಖುದ್ದಾಗಿ ಬಂದು ಎಲ್ಲವನ್ನೂ ಇದ್ದಲ್ಲಿ ಇಟ್ಟರೆ ಸರಿ. ಬರಲಿಲ್ಲ ಎಂದರೆ ಕೀಲಿ ಕಂಪನಿಯವನ ಕೈಗೆ.

ಇಲ್ಲಿ ಪ್ರಕಟಣೆಯವರ ಪರವಾಗಿ ಒಂದು ಮಾತು ಹೇಳಬೇಕು, ಏಕೆಂದರೆ ಹೇಳಲು ಇರುವುದೂ ಇದೊಂದೇ. ಅವರು ಟೆಂಪೊ ಹತ್ತಿದರು. ಡ್ರೈವರಿನ ಪಕ್ಕದಲ್ಲಿ, ಯುದ್ಧಕ್ಕೆ ಹೊರಟವರಂತೆ ಎದೆ ಸೆಟೆಸಿ ಕೂತರು. ಹೆಂಡತಿ ಕಿಟಕಿಯಿಂದ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟಳು. ಅದನ್ನು ತಿರಸ್ಕಾರದಿಂದ ಮಡಿಸಿ ಜೇಬಿಗಿಟ್ಟರು. ಟೆಂಪೊ ಹೊರಟಿತು. ಬೀದಿಯ ಕೊನೆಯಲ್ಲಿ, ಶಾಲೆಯ ಎದುರಿಗೆ, ಒಂದು ರಸ್ತೆಯುಬ್ಬು ಇದೆ. ಮುಂದಿನ ಗಾಲಿ ಅದನ್ನು ಹತ್ತಿ ಇಳಿಯಿತು. ಹಿಂದಿನ ಗಾಲಿ ಹತ್ತಿ ಇಳಿಯುವ ಮೊದಲೇ ಬಾಗಿಲು ತೆರೆಯಿತು. ಬೆಟ್ಟ ಇನ್ನೂ ದಿಗಂತದಲ್ಲಿ ಕೂಡ ಕಾಣಿಸದಿರುವಾಗ ಪ್ರಕಟಣೆಯವರು ಶಾಲೆಯ ಗೋಡೆ ಹಿಡಿದು ಬಗ್ಗಿದ್ದರು. ಆಮೇಲೆ ಒಂದೊಂದೇ ಕಾಂಪೌಂಡಿಗೆ ಕೈ ಊರುತ್ತ, ಹೋದ ದಾರಿಯಲ್ಲೇ ನಡೆದು ಬಂದರು, ಹಿಂದೆಯೇ ಟೆಂಪೊ ಕೂಡ ತಿರುಗಿ ಬಂತು. ಇಸ್ತ್ರಿ ಅಂಗಿಯ ಬಗ್ಗೆ ವಿವರ ಬೇಡ.

ಹೆಂಡತಿ ಬೈಯಲಿಲ್ಲ. ಮೇಲೆ ಹೋಗಿ ಯಂತ್ರಕ್ಕೆ ಮುಸುಕು ಹಾಕಿ, ಕತ್ತರಿ ಸೂಜಿ ನೂಲನ್ನು ಚೀಲಕ್ಕೆ ತುಂಬಿ, ಚಪ್ಪಲಿ ಮೆಟ್ಟಿ ಇಳಿದು ಬಂದು ಟೆಂಪೊ ಹತ್ತಿದಳು. ಅನ್ನ ಮುಚ್ಚಿಟ್ಟಿದೆ ಎಂದಳು. ಪ್ರಕಟಣೆಯವರು ಗೇಟಿಗೆ ಒರಗಿ ನಿಂತು ಕ್ಷೀಣಸ್ವರದಲ್ಲಿ “ಹೊರಡಲಿದೆ” ಎಂದರು. ಟೆಂಪೊ ಆಗಲೇ ತಿರುವಿನಾಚೆ ಹೋಗಿತ್ತು.

ಬೆಟ್ಟದ ಮೇಲೆ ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು. ಅತ್ತಿಗೆ ಸೆರಗು ಬಿಗಿದುಕೊಂಡು ಹಾಸಿಗೆಯ ಒಂದು ಮೂಲೆ ಹಿಡಿದಳಂತೆ. ಆಯ್ತಪ್ಪ ಫ್ರಿಜ್ಜನ್ನು ಬೆನ್ನ ಮೇಲೆ ಹೊತ್ತನಂತೆ. ಸೋಫಾ ಒಳಗೆ ಹೋಗುವ ಮೊದಲು ಅದರ ಅಡಿಯನ್ನು ಬಾಗಿಲಲ್ಲೇ ಬಡಿದದ್ದರಿಂದ ಇಷ್ಟು ವರ್ಷದಲ್ಲಿ ಮೊದಲ ಸಲ ಅದು ಶುದ್ಧವಾಯಿತಂತೆ. ಹರಿದ ಪರದೆಗಳನ್ನು ಅವಳು ಕಿಟಕಿಯಲ್ಲೇ ನಿಂತು ಹೊಲಿದಳಂತೆ. ಫೋಟೋದ ಬೆಕ್ಕೂ ಸಿಕ್ಕಿತು. ಅದು ಬದುಕಿತ್ತು, ದಪ್ಪಗಾಗಿತ್ತು, ಸಿಂಕಿನೊಳಗೆ ಮಲಗಿತ್ತು.

ಎಲ್ಲ ಮುಗಿದು ಉಸಿರು ಬಿಡುವಾಗ ಅವಳು ಆಯ್ತಪ್ಪನನ್ನು ಕೇಳಿದಳಂತೆ, ನಿನಗೆ ನಿಜವಾಗಿಯೂ ಅವರ ಮಾತು ಅರ್ಥವಾಗಿರಲಿಲ್ಲವಾ ಎಂದು. ಅವನು ತಲೆ ಕೆರೆದುಕೊಂಡ.

“ಮನೆ ಕೈಬಿಟ್ಟು ಹೋಗುತ್ತೆ ಅಂತ ಅತ್ತುಬಿಟ್ರಮ್ಮ. ಇಷ್ಟು ವರ್ಷ ಅವರು ಹೇಳಿದ್ದು ನಾನು ಒಂದೂ ಮಾಡಿರ್ಲಿಲ್ಲ. ಕೊನೇದಾದ್ರೂ ಹೇಳಿದ ಹಾಗೇ ಮಾಡೋಣ ಅನ್ನಿಸ್ತು.”

ಕಂಪನಿಯವನು ಸಂಜೆ ಬಂದು, ಮನೆ ತುಂಬಿರುವುದನ್ನು ಕಂಡು, ಬೆಳಗ್ಗೆ ತಾನು ನೋಡಿದ್ದು ಇದೇ ಮನೆಯೇ ಎಂದು ಹೊಸ ಕನ್ನಡಕವನ್ನು ತೆಗೆದು ತೆಗೆದು ಒರೆಸಿದನಂತೆ. ಅಕ್ಕ ಅವನಿಗೆ ಮನೆ ಕೊಡಲಿಲ್ಲ. ತಮ್ಮನಿಗೂ ಬಿಡಲಿಲ್ಲ. ಕೀಲಿಗೊಂಚಲಿನ ಇನ್ನೊಂದು ಪ್ರತಿಯನ್ನು ತಮ್ಮನ ಹೆಂಡತಿಯ ಚೀಲಕ್ಕೆ ಹಾಕಿ, “ನೀನೇ ನೋಡ್ಕೊಳ್ಳೆ. ಅವನ ಕೈಗೆ ಫೋನ್ ಮಾತ್ರ ಕೊಡಬೇಡ” ಎಂದಳು.

ಈಗ ಉಸ್ತುವಾರಿ ಹೊಲಿಗೆ ಯಂತ್ರದ ಪಕ್ಕದಲ್ಲೇ ನಡೆಯುತ್ತದೆ. ಫೋನು ಭುಜಕ್ಕೂ ಕಿವಿಗೂ ನಡುವೆ ಇರುತ್ತದೆ, ಕೈ ಬಟ್ಟೆಯ ಮೇಲೆ. ಅವಳು ಆಯ್ತಾ ಎಂದು ಕೇಳುವುದಿಲ್ಲ. “ಮಾಡಿದ್ಯಾ, ಮಾಡ್ತೀಯಾ?” ಎಂದು ಕೇಳುತ್ತಾಳೆ. ಆಯ್ತಪ್ಪನಿಗೆ ಮೊದಮೊದಲು ನಾಲಿಗೆ ತಡವರಿಸುತ್ತಿತ್ತಂತೆ. ಈಗ ಮಾಡಿಲ್ಲಮ್ಮ ಎಂದು ಸಲೀಸಾಗಿ ಹೇಳುತ್ತಾನೆ. ಆಗಾಗ ಅವಳೇ ಬಸ್ಸು ಹತ್ತಿ ಹೋಗಿ, ಕೆರೆಯ ಮುಂದೆ ಎರಡು ದಿನ ಕಾಲು ಚಾಚಿ ಕೂತು ಬರುತ್ತಾಳೆ. ಹೋಗುವಾಗ ಬಸ್ ನಿಲ್ದಾಣದವರೆಗೆ ಗಂಡ ಚೀಲ ಹೊತ್ತು ನಡೆಯುತ್ತಾನೆ. ಅಲ್ಲಿ ಈಗ ಪ್ರಕಟಣೆ ಮಾಡುವುದು ಯಾವುದೋ ಯಂತ್ರವಂತೆ. ಅದೂ ಬಸ್ಸು ನೋಡದೆಯೇ ಹೊರಡಲಿದೆ ಎನ್ನುತ್ತದೆ.

ಕತ್ತರಿಸುವ ಮೇಜು ಕತ್ತರಿಸುವವಳಿಗೆ ಮರಳಿತು. ನೀಲಿ ಫಲಕವನ್ನು ಬೋರಲು ಹಾಕಿ ಅದರ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಡುತ್ತಾರೆ. ಅಂದು ಡ್ರೈವರು ಗಡಿಬಿಡಿಯಲ್ಲಿ ಇಳಿಸಿ ಮರೆತುಹೋದ ಬೆತ್ತದ ಕುರ್ಚಿ ಮೂರನೇ ಮಹಡಿಯ ಬಾಗಿಲ ಹೊರಗೆ ಬಿದ್ದಿದೆ. ಉಳಿದದ್ದು ಅದೊಂದೇ, ಅದು ಕಟ್ಟಳೆಯಂತೆ ಕಚೇರಿಗೇ ಸೇರಿದೆ. ಮಾಜಿ ಉಸ್ತುವಾರಿಗಳಿಗೆ ಮನೆಯಲ್ಲಿ ಹೊಸ ಕೆಲಸ ಸಿಕ್ಕಿದೆ. ಹೆಂಡತಿ ಕತ್ತರಿಸಿದ ಬಟ್ಟೆಚೂರು, ನೂಲು ಗುಡಿಸುವುದು. ಗುಡಿಸಿದ ಮೇಲೆ ಅವಳು ಬಂದು ಮೇಜಿನ ಕೆಳಗೆ ಬಗ್ಗಿ ನೋಡುತ್ತಾಳೆ. ಫೋಟೋ ಒಪ್ಪುವುದಿಲ್ಲ.

ಮೊನ್ನೆ ಇದನ್ನು ಬರೆದವನು ಪ್ಯಾಂಟಿನ ಅಂಚು ಹಾಕಿಸಲು ಮೂರನೇ ಮಹಡಿಗೆ ಹೋಗಿದ್ದ. ಒಳಗೆ ಪ್ರಕಟಣೆಯವರು ಪೊರಕೆ ಹಿಡಿದು ಬಗ್ಗಿದ್ದರು. ಹಳೆಯ ಅಭ್ಯಾಸಬಲದಿಂದ ಕೊರಳು ಬಾಗಿತು, ಸಾರ್ ಎಂದು ಬಾಯಿಗೆ ಬಂತು. ಮಾತಿಗೆ ಏನಾದರೂ ಬೇಕಲ್ಲ ಎಂದು, ಪ್ರಧಾನ ಕಚೇರಿ ಈಗ ಎಲ್ಲಿಗೆ ಸ್ಥಳಾಂತರವಾಯಿತು ಸಾರ್ ಎಂದು ಕೇಳಿದ.

ಪ್ರಕಟಣೆಯವರು ತಲೆ ಎತ್ತದೆ ಪೊರಕೆಯಿಂದ ಅವನ ಪಾದಕ್ಕೆ ತಟ್ಟಿದರು.

“ಅದರ ಮೇಲೇ ನಿಂತಿದ್ದೀರಿ. ಕಾಲೆತ್ತಿ, ಗುಡಿಸ್ಬೇಕು.”